ಹಾರ್ಮೋನ್ ಚುಚ್ಚುಮದ್ದು ಶುರುವಾದಂದಿನಿಂದ ಕಾರಣವಿಲ್ಲದೆ ಕಣ್ಣೀರು ಬರುತ್ತಿದೆ, ಬೇರೆ ಯಾರಿಗಾದರೂ ಹೀಗಾಗಿದೆಯೇ?

ಸಾಗರದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನನಗೆ ಈಗ 67 ವರ್ಷ. ಸಾಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳಬೇಕಾಗುತ್ತಿದ್ದುದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಒಂದು ವರ್ಷ ಸುಮ್ಮನಿದ್ದೆ. ಮಗಳ ಒತ್ತಾಯಕ್ಕೆ ರಕ್ತ ಪರೀಕ್ಷೆ ಮಾಡಿಸಿದಾಗ, ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ತೊಂದರೆಯನ್ನು ಸೂಚಿಸುವ ಪಿಎಸ್‌ಎ 38 ಬಂತು. ಬಯಾಪ್ಸಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಖಚಿತವಾಯಿತು, ರೋಗದ ಉಗ್ರತೆಯನ್ನು ಹೇಳುವ ಗ್ಲೀಸನ್ ಅಂಕ 8. ಮೂಳೆಗೆ ಹರಡಿಲ್ಲವೆಂಬುದೊಂದೇ ಆಗಿನ ಸಮಾಧಾನ. ವಿಕಿರಣ ಚಿಕಿತ್ಸೆ ಮುಗಿದಿದೆ. ಪುರುಷ ಹಾರ್ಮೋನನ್ನು ತಗ್ಗಿಸುವ ಚುಚ್ಚುಮದ್ದನ್ನು ಮೂರು ತಿಂಗಳಿಗೊಮ್ಮೆ, ಒಟ್ಟು ಎರಡು ವರ್ಷ ತೆಗೆದುಕೊಳ್ಳಬೇಕೆಂದಿದ್ದಾರೆ. ಮೂರನೆಯದು ಕಳೆದ ತಿಂಗಳು ಆಯಿತು.

ರೋಗದ ವಿಷಯದಲ್ಲಿ ನನ್ನ ದೂರೇನೂ ಇಲ್ಲ, ಪಿಎಸ್‌ಎ ಒಂದಕ್ಕಿಂತ ಕೆಳಗೆ ಇಳಿದಿದೆ. ನನ್ನನ್ನು ಕಂಗೆಡಿಸಿರುವುದು ಬೇರೆ. ದಿನಕ್ಕೆ ಆರೇಳು ಸಲ ಎದೆಯಿಂದ ನೆತ್ತಿಯವರೆಗೆ ಬಿಸಿ ಏರುತ್ತದೆ, ಬನಿಯನ್ ಹಿಂಡುವಷ್ಟು ಬೆವರುತ್ತದೆ. ನಡುರಾತ್ರಿ ಎದ್ದು ಅಂಗಳದ ಕಟ್ಟೆಯ ಮೇಲೆ ಒದ್ದೆ ಟವೆಲು ಹೊದ್ದು ಕುಳಿತರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಹಾಗೆ ಕುಳಿತಿದ್ದಾಗ ಅಳು ಬರುತ್ತದೆ. ನಾನು ನನ್ನ ತಂದೆ ತೀರಿಕೊಂಡಾಗಲೂ ಅತ್ತವನಲ್ಲ.

ತಾಳಮದ್ದಳೆಯಲ್ಲಿ ಮೂವತ್ತು ವರ್ಷದಿಂದ ಅರ್ಥ ಹೇಳುತ್ತಿದ್ದೇನೆ. ಕಳೆದ ತಿಂಗಳು ಊರಿನ ದೇವಸ್ಥಾನದಲ್ಲಿ ನನ್ನದು ಕರ್ಣ. ಕುಂತಿ ಬಂದು ತಾನೇ ತಾಯಿ ಎಂದು ಹೇಳುವ ಸಂದರ್ಭದಲ್ಲಿ ಭಾಗವತರು ಪದ ಮುಗಿಸಿ ನನ್ನ ಕಡೆ ನೋಡಿದರು. ನನಗೆ ಗಂಟಲು ಕಟ್ಟಿತು, ಮಾತು ಹೊರಡಲಿಲ್ಲ, ಕಣ್ಣೀರು ಸುರಿಯಿತು. ಮದ್ದಳೆಯವರು ಎರಡು ಸಲ ಬಿಡ್ತಿಗೆ ನುಡಿಸಿ ನನಗೆ ಸಮಯ ಕೊಟ್ಟರು. ಜನ ಅದನ್ನು ರಸವೆಂದು ಮೆಚ್ಚಿದರು, ಮರುದಿನ ಇಬ್ಬರು ಮನೆಗೆ ಬಂದು ಹೊಗಳಿದರು. ಅದು ಕರ್ಣನ ಅಳುವಲ್ಲವೆಂಬುದು ನನಗೊಬ್ಬನಿಗೇ ಗೊತ್ತಿತ್ತು. ಅಂದಿನಿಂದ ಕೂಟಕ್ಕೆ ಹೋಗುವುದನ್ನು ಬಿಟ್ಟಿದ್ದೇನೆ. ಮಧ್ಯೆ ಏಳದೆ ಮೂರು ತಾಸು ಕೂರಲಾರೆ ಎಂಬುದು ಹೊರಗೆ ಹೇಳುವ ಕಾರಣ.

ಇದು ನನ್ನ ಮನಸ್ಸಿನ ದೌರ್ಬಲ್ಯವೋ, ಔಷಧಿಯ ಪರಿಣಾಮವೋ? ವೈದ್ಯರ ಬಳಿ ಇದನ್ನು ಹೇಳುವುದು ಹೇಗೆ? ಪ್ರತಿ ಸಲ ಹೋದಾಗಲೂ ಅವರು ಮೂತ್ರ ಸರಾಗವಾಗಿ ಹೋಗುತ್ತಿದೆಯೇ, ಮಲದಲ್ಲಿ ರಕ್ತ ಇದೆಯೇ ಎಂದು ಕೇಳುತ್ತಾರೆ, ನಾನು ಉತ್ತರ ಹೇಳುವಷ್ಟರಲ್ಲಿ ಮುಂದಿನವರ ಹೆಸರು ಕರೆದಿರುತ್ತಾರೆ.

ಹಾಸನದ ಗೃಹಿಣಿ

ಮೇಷ್ಟ್ರೇ, ನಿಮ್ಮ ಬರಹ ಓದಿ ನನ್ನ ಯಜಮಾನರೇ ಬರೆದಂತೆ ಅನ್ನಿಸಿತು. ಅವರು ಬರೆಯುವವರಲ್ಲ, ಹಾಗಾಗಿ ನಾನು ಬರೆಯುತ್ತಿದ್ದೇನೆ. ಅವರಿಗೆ 61 ವರ್ಷ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಏಳು ತಿಂಗಳ ಹಿಂದೆ ಪ್ರಾಸ್ಟೇಟ್ ಗ್ರಂಥಿಯನ್ನು ಪೂರ್ತಿ ತೆಗೆದರು. ಹತ್ತು ದಿನ ಮೂತ್ರಕ್ಕೆ ಕ್ಯಾತಿಟರ್ ನಳಿಕೆ ಇತ್ತು. ಅದನ್ನು ತೆಗೆದ ಮೇಲೆ ಮೂತ್ರ ಹಿಡಿತಕ್ಕೆ ಸಿಗಲಿಲ್ಲ, ಕೆಮ್ಮಿದರೆ, ಕುಳಿತವರು ಎದ್ದರೆ ಸೋರುತ್ತದೆ. ಬಿಡುಗಡೆಯ ದಿನ ಕೊಟ್ಟ ಕಾಗದಗಳಲ್ಲಿ ಗಾಯ, ಮಾತ್ರೆ, ಊಟ ಎಲ್ಲದರ ವಿವರ ಇತ್ತು, ಮನಸ್ಸಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ಪ್ಯಾಡನ್ನು ಅವರು ನನಗೂ ತೋರಿಸುವುದಿಲ್ಲ. ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಮೇಲೊಂದು ದಾರ ಕಟ್ಟಿ, ಬಚ್ಚಲಿನ ಅಟ್ಟದ ಮೇಲೆ ಇಟ್ಟಿರುತ್ತಾರೆ. ಬೀದಿ ಖಾಲಿಯಾದ ಮೇಲೆ ರಾತ್ರಿ ಹತ್ತೂವರೆಗೆ ತಾವೇ ತೆಗೆದುಕೊಂಡು ಹೋಗಿ ಹಾಕಿ ಬರುತ್ತಾರೆ. ಒಂದು ದಿನ ಮಳೆ ಜೋರಾಗಿತ್ತು, ನಾನೇ ಹಾಕಿ ಬರುತ್ತೇನೆ ಎಂದು ಕೈ ಚಾಚಿದೆ. ಅವರು ಮುಖ ತಿರುಗಿಸಿ ಗೋಡೆ ನೋಡಿದರು. ಮಕ್ಕಳನ್ನು ಹೆತ್ತು ಸಾಕಿದವಳಿಗೆ ಅದರಲ್ಲಿ ಏನು ಹೇಸಿಗೆ ಎಂದು ಹೇಳಬೇಕೆಂದಿದ್ದೆ, ಬಾಯಿ ಬರಲಿಲ್ಲ.

ಮದುವೆ, ಗೃಹಪ್ರವೇಶ ಎಲ್ಲವನ್ನೂ ಬಿಟ್ಟಿದ್ದಾರೆ. ಪಂಚೆ ಉಡುತ್ತಿದ್ದವರು ಈಗ ಕಪ್ಪು ಪ್ಯಾಂಟನ್ನೇ ಹಾಕುತ್ತಾರೆ. ಸಂಬಂಧಿಕರು ಫೋನ್ ಮಾಡಿದರೆ ‘ಆರಾಮಾಗಿದ್ದೇನೆ, ಎಲ್ಲ ಕ್ಲಿಯರ್ ಅಂದಿದ್ದಾರೆ’ ಎನ್ನುತ್ತಾರೆ. ಕ್ಯಾನ್ಸರ್ ಹೋಗಿದೆ ಎಂಬುದು ನಿಜ. ಮನೆಯಲ್ಲಿ ಮಾತೂ ಹೋಗಿದೆ.

ಹಿರಿಯ ಹಿತೈಷಿ

ನನ್ನ ಅಣ್ಣನಿಗೂ ಇದೇ ರೋಗ ಬಂದು ಹದಿನಾಲ್ಕು ವರ್ಷ ಚೆನ್ನಾಗಿ ಬದುಕಿದರು. ಅವರು ಯಾವ ಸಮಾಲೋಚನೆಗೂ ಹೋಗಲಿಲ್ಲ. ಬೆಳಿಗ್ಗೆ ಪೂಜೆ, ಸಂಜೆ ನಡಿಗೆ, ನಡುವೆ ತೋಟದ ಕೆಲಸ, ಅಷ್ಟರಲ್ಲಿ ಯೋಚನೆಗೆ ಸಮಯವೇ ಇರಲಿಲ್ಲ. ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದಷ್ಟೇ ನನ್ನ ಸಲಹೆ. ಚಿಂತೆಯನ್ನು ಹೆಚ್ಚು ಮಾತನಾಡಿದಷ್ಟೂ ಅದು ಬೆಳೆಯುತ್ತದೆ ಎಂಬುದು ನನ್ನ ಅನುಭವ.

ಆಸ್ಪತ್ರೆಯ ಸಮಾಜ ಕಾರ್ಯಕರ್ತೆ

ನಾನು ಬೆಂಗಳೂರಿನಲ್ಲಿ ಕ್ಯಾನ್ಸರ್ ರೋಗಿಗಳ ನಡುವೆ ಹನ್ನೆರಡು ವರ್ಷಗಳಿಂದ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ಕೆಲಸ ಮಾಡುತ್ತಿದ್ದೇನೆ. ವೈದ್ಯಳಲ್ಲ, ಆದ್ದರಿಂದ ಔಷಧಿಯ ನಿರ್ಧಾರವನ್ನು ನಿಮ್ಮ ವೈದ್ಯರಿಗೇ ಬಿಡುತ್ತೇನೆ. ಮೇಷ್ಟ್ರ ಪ್ರಶ್ನೆಗೆ ಮಾತ್ರ ನೇರವಾಗಿ ಉತ್ತರಿಸುತ್ತೇನೆ.

ಸರ್, ಇದು ನಿಮ್ಮ ದೌರ್ಬಲ್ಯವಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಬೆಳೆಯುವುದು ಪುರುಷ ಹಾರ್ಮೋನಿನ ಬಲದಿಂದ. ಅದನ್ನು ತಡೆದರೆ ರೋಗ ಹಿಮ್ಮೆಟ್ಟುತ್ತದೆ ಎಂದು ಶಿಕಾಗೋದ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು, ಅದಕ್ಕೇ 1966ರಲ್ಲಿ ಅವರಿಗೆ ನೊಬೆಲ್ ಬಂತು. ಇಂದಿನ ಚುಚ್ಚುಮದ್ದುಗಳೂ ಮಾಡುವುದು ಅದೇ ಕೆಲಸವನ್ನು. ಆದರೆ ಆ ಹಾರ್ಮೋನು ರೋಗಕ್ಕೆ ಮಾತ್ರ ಆಹಾರವಲ್ಲ. ನಿದ್ದೆ, ಸ್ನಾಯುವಿನ ಬಲ, ಮೂಳೆಯ ಗಟ್ಟಿತನ, ಉತ್ಸಾಹ, ಲೈಂಗಿಕ ಆಸೆ ಎಲ್ಲಕ್ಕೂ ಅದು ಬೇಕು. ಅದು ಕೆಲವೇ ವಾರಗಳಲ್ಲಿ ಹೆಚ್ಚುಕಡಿಮೆ ಇಲ್ಲವೆನ್ನುವ ಮಟ್ಟಕ್ಕೆ ಇಳಿದಾಗ ಮೈ ಬಿಸಿಯೇರುವುದು, ಬೆವರುವುದು, ಕಾರಣವಿಲ್ಲದೆ ಅಳು ಅಥವಾ ಸಿಟ್ಟು ಬರುವುದು ದೇಹದ ಸಹಜ ಪ್ರತಿಕ್ರಿಯೆ. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರು ಏನನ್ನು ಅನುಭವಿಸುತ್ತಾರೋ ಅದಕ್ಕೆ ಇದು ಬಹಳ ಹತ್ತಿರ. ಅಕ್ಕನನ್ನೋ ಮಡದಿಯನ್ನೋ ಕೇಳಿ ನೋಡಿ, ಅವರಿಗೆ ನೀವು ಹೇಳುವುದು ತಕ್ಷಣ ಅರ್ಥವಾಗುತ್ತದೆ.

ಇದು ಕೇವಲ ಕಲ್ಪನೆಯಲ್ಲ ಎನ್ನುವುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಅಮೆರಿಕದಲ್ಲಿ 65 ದಾಟಿದ 78 ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಹಾರ್ಮೋನ್ ಚಿಕಿತ್ಸೆ ಪಡೆದವರಲ್ಲಿ ಮೂರು ವರ್ಷದೊಳಗೆ ನೂರಕ್ಕೆ ಸುಮಾರು 7 ಮಂದಿಗೆ ಖಿನ್ನತೆ ಪತ್ತೆಯಾಗಿತ್ತು, ಪಡೆಯದವರಲ್ಲಿ ಸುಮಾರು 5 ಮಂದಿಗೆ. ಇವು ವೈದ್ಯರ ಕಡತಕ್ಕೆ ಬಂದ ಪ್ರಕರಣಗಳು ಮಾತ್ರ. ಅಂಗಳದ ಕಟ್ಟೆಯ ಮೇಲೆ ನಡುರಾತ್ರಿ ಒಬ್ಬರೇ ಕುಳಿತವರು ಯಾವ ಕಡತದಲ್ಲೂ ಇರುವುದಿಲ್ಲ.

ವೈದ್ಯರಿಗೆ ಹೇಳುವುದು ಹೇಗೆಂದು ಕೇಳಿದ್ದೀರಿ. ‘ಮಾನಸಿಕ ಒತ್ತಡ ಮಾಪಕ’ ಎಂಬ ಸರಳ ವಿಧಾನವೊಂದಿದೆ. ಜ್ವರದ ಥರ್ಮಾಮೀಟರಿನ ಚಿತ್ರ, ಕೆಳಗೆ ಸೊನ್ನೆ, ಮೇಲೆ ಹತ್ತು. ಕಳೆದ ಒಂದು ವಾರದಲ್ಲಿ ನಿಮ್ಮ ಸಂಕಟ ಎಷ್ಟಿತ್ತೆಂದು ಒಂದು ಅಂಕೆಗೆ ಗುರುತು ಹಾಕಬೇಕು. 4 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮುಂದಿನ ವಿಚಾರಣೆ ಅಗತ್ಯ. ನನಗೆ ಮುಖ್ಯವೆನಿಸುವುದೆಂದರೆ, ಇಂದು ಎಲ್ಲ ಬಗೆಯ ಕ್ಯಾನ್ಸರಿಗೂ ಬಳಸುವ ಈ ಮಾಪಕವನ್ನು ಮೊದಲು ಪರೀಕ್ಷಿಸಿದ್ದೇ ಪ್ರಾಸ್ಟೇಟ್ ಕ್ಯಾನ್ಸರಿನ ಗಂಡಸರ ಮೇಲೆ. 1998ರಲ್ಲಿ ನ್ಯೂಯಾರ್ಕಿನ ವೈದ್ಯರು ಆ ಅಧ್ಯಯನವನ್ನು ಪ್ರಕಟಿಸಿದರು. ‘ಖಿನ್ನತೆ ಇದೆಯೇ’ ಎಂದರೆ ಇಲ್ಲ ಎನ್ನುವವರೂ ಅಂಕೆ ಕೇಳಿದರೆ ಹೇಳುತ್ತಾರೆ. ನೀವು ಮುಂದಿನ ಸಲ ಒಳಗೆ ಹೋಗುವಾಗ ಒಂದು ಚೀಟಿಯಲ್ಲಿ ‘ಬಿಸಿಯೇರುವುದು ದಿನಕ್ಕೆ 7 ಸಲ, ನಿದ್ದೆ 3 ಗಂಟೆ, ಸಂಕಟ 10ಕ್ಕೆ 7’ ಎಂದು ಬರೆದು, ಕುಳಿತ ಕೂಡಲೇ ಮೇಜಿನ ಮೇಲೆ ಇಡಿ. ಅದನ್ನು ಅವರು ಓದಿಯೇ ಓದುತ್ತಾರೆ.

ಹಿತೈಷಿಗಳೇ, ನಿಮ್ಮ ಅಣ್ಣನವರ ದಿನಚರಿ ನಿಜಕ್ಕೂ ಒಳ್ಳೆಯದು. ಹಾರ್ಮೋನ್ ಚಿಕಿತ್ಸೆಯಲ್ಲಿ ಇರುವವರಿಗೆ ನಡಿಗೆ, ಭಾರ ಎತ್ತುವ ವ್ಯಾಯಾಮ, ಮೈಮುರಿದು ಮಾಡುವ ಕೆಲಸ ಆಯಾಸವನ್ನು ಕಡಿಮೆ ಮಾಡುತ್ತವೆ ಎಂಬುದು ಸಿದ್ಧವಾದ ಮಾತು. ಆದರೆ ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು ಹೇಳಿಸಿಕೊಂಡ ಗಂಡಸು ಅದರ ನಂತರ ಬಾಯಿ ತೆರೆಯುವುದಿಲ್ಲ. ಇದನ್ನು ನಾನು ನೂರಾರು ಸಲ ಕಣ್ಣಾರೆ ಕಂಡಿದ್ದೇನೆ, ಆದ್ದರಿಂದ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾವೇರಿ ರೈತ

ನನ್ನ ಮಾತು ಕೆಲವರಿಗೆ ಒರಟು ಅನ್ನಿಸಬಹುದು, ಕ್ಷಮಿಸಬೇಕು. ನನಗೆ 64 ವರ್ಷ. ಎರಡು ವರ್ಷದ ಹಿಂದೆ ಸೊಂಟನೋವು ಎಂದು ಎಣ್ಣೆ ತಿಕ್ಕಿಸಿಕೊಂಡು ಆರು ತಿಂಗಳು ಕಳೆದೆ. ಸ್ಕ್ಯಾನ್ ಮಾಡಿಸಿದಾಗ ರೋಗ ಬೆನ್ನುಮೂಳೆಗೆ ಹೋಗಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಲ್ಲಿಸಿಕೊಂಡು, ಎರಡು ದಾರಿಗಳಿವೆ, ಜೀವ ಇರುವವರೆಗೆ ಇಂಜೆಕ್ಷನ್ ತೆಗೆದುಕೊಳ್ಳುವುದು, ಇಲ್ಲವೇ ಒಂದೇ ಸಲ ಬೀಜ ತೆಗೆಸಿಬಿಡುವುದು, ಎರಡನೆಯದರಲ್ಲಿ ಖರ್ಚು ಕಡಿಮೆ ಎಂದರು. ಇಂಜೆಕ್ಷನ್ನಿನ ಬೆಲೆ ಕೇಳಿದೆ. ಮಗನ ಮುಖ ನೋಡಿದೆ. ಹತ್ತು ನಿಮಿಷದಲ್ಲಿ ಸಹಿ ಹಾಕಿದೆ.

ನಮ್ಮ ಕಡೆ ದೀಪಾವಳಿಗೆ ಹೋರಿ ಬೆದರಿಸುವ ಹಬ್ಬ ಇದೆ ಎಂದು ನಿಮಗೆಲ್ಲ ಗೊತ್ತಿರಬಹುದು. ಕೊಬ್ಬರಿ ಕಟ್ಟಿ ಹೋರಿ ಬಿಡುತ್ತಾರೆ. ನಾನು ಇಪ್ಪತ್ತು ವರ್ಷ ಹೋರಿ ಕಟ್ಟಿದವನು. ಉಳುಮೆಗೆ ಬೇಕಾದ ಹೋರಿಯ ಬೀಜ ಒಡೆಸಿ ಎತ್ತು ಮಾಡುವಾಗ ಹಗ್ಗ ಹಿಡಿದು ನಿಂತವನು. ಆಪರೇಶನ್ ಆಗಿ ಮನೆಗೆ ಬಂದ ಮೇಲೆ ನನ್ನ ಬಗ್ಗೆ ಯಾರೂ ಏನೂ ಆಡಲಿಲ್ಲ, ಆದರೆ ಕೊಟ್ಟಿಗೆಗೆ ಹೋದಾಗಲೆಲ್ಲ ಆ ಮಾತು ನನ್ನ ತಲೆಯೊಳಗೇ ಕೇಳಿಸುತ್ತಿತ್ತು. ಎತ್ತಾದ ಮೇಲೂ ಹೊಲ ಉಳುತ್ತದಲ್ಲ ಎಂದು ನನ್ನ ಹೆಂಡತಿ ಸಮಾಧಾನಕ್ಕೆ ಒಂದು ಸಲ ಹೇಳಿದಳು. ಪಾಪ, ಅವಳಿಗೆ ನನ್ನ ಮೇಲೆ ಎಷ್ಟು ಪ್ರೀತಿ ಇದೆಯೆಂದು ನನಗೆ ಗೊತ್ತು. ಆದರೂ ಆ ಮಾತಿಗೆ ಎರಡು ದಿನ ಊಟ ಮಾಡಲಿಲ್ಲ.

ಆ ವರ್ಷ ಹೋರಿಯನ್ನು ಮಾರಿಬಿಟ್ಟೆ. ಬದುಕು ಸಾಕು ಎಂಬ ಯೋಚನೆಯೂ ಬಂದಿತ್ತು. ಅದನ್ನು ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಆಗ ನನ್ನನ್ನು ಎಳೆದುಕೊಂಡು ಬಂದವಳು ಊರಿನ ಆಶಾ ಕಾರ್ಯಕರ್ತೆ, ನನ್ನ ಮಗಳ ವಯಸ್ಸಿನವಳು. ಮಾತ್ರೆ ಕೊಡಲು ಮನೆಗೆ ಬಂದಾಗ ಕಟ್ಟೆಯ ಮೇಲೆ ಕುಳಿತು, ‘ಕಾಕಾ, ರಾತ್ರಿ ನಿದ್ದೆ ಬರ್ತದೇನು, ಬೆಳಿಗ್ಗೆ ಏಳಬೇಕು ಅನ್ನಿಸ್ತದೇನು’ ಎಂದು ಕೇಳಿದಳು. ಎರಡನೆಯ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾವ ಡಾಕ್ಟರೂ ನನಗೆ ಕೇಳಿರಲಿಲ್ಲ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋರೋಗದ ಡಾಕ್ಟರು ಬರುತ್ತಾರೆ ಎಂದು ಅವಳೇ ಕರೆದುಕೊಂಡು ಹೋದಳು. ಮಾತ್ರೆ ಶುರುವಾಗಿ ನಾಲ್ಕನೆಯ ವಾರದಿಂದ ನನಗೆ ಬದಲಾವಣೆ ಗೊತ್ತಾಯಿತು. ಮೇಷ್ಟ್ರೇ, ನೀವು ವಿದ್ಯಾವಂತರು, ನಾಚಿಕೊಳ್ಳದೆ ಹೋಗಿ.

ಸಾಗರದ ಮೇಷ್ಟ್ರು

ಹಾವೇರಿಯ ಅಣ್ಣನವರೇ, ನಿಮ್ಮ ಮಾತು ಒರಟಲ್ಲ. ನಾನು ಮೂವತ್ತು ವರ್ಷ ವೇದಿಕೆಯ ಮೇಲೆ ಮಾತೇ ಕಸುಬಾಗಿ ಬದುಕಿದವನು, ನೀವು ಹೇಳಿದ್ದರ ಕಾಲು ಭಾಗವನ್ನೂ ನನ್ನ ಮನೆಯಲ್ಲಿ ಹೇಳಲಾಗಲಿಲ್ಲ. ನನ್ನ ವಿಷಯದಲ್ಲಿ ಚುಚ್ಚುಮದ್ದು ಎರಡು ವರ್ಷಕ್ಕೆ ಮುಗಿಯುತ್ತದೆ, ನಿಮಗೆ ಹಾಗಿಲ್ಲ ಎಂಬುದು ಓದುವಾಗ ಹೊಳೆಯಿತು, ಅದನ್ನು ಯೋಚಿಸದೆ ನನ್ನ ದುಃಖವನ್ನೇ ದೊಡ್ಡದು ಮಾಡಿ ಬರೆದೆನೇನೋ.

ಇನ್ನೊಂದು ವಿಷಯವಿದೆ. ಇದನ್ನು ಹೆಸರು ಮರೆಮಾಡಿ ಬರೆಯುವ ಜಾಗವಾದ್ದರಿಂದ ಕೇಳುತ್ತೇನೆ. ಚುಚ್ಚುಮದ್ದು ಶುರುವಾದ ಎರಡನೆಯ ತಿಂಗಳಿನಿಂದ ನಾನು ಬೇರೆ ಕೋಣೆಯಲ್ಲಿ ಮಲಗುತ್ತಿದ್ದೇನೆ. ಬೆವರುವುದರಿಂದ ಆಕೆಯ ನಿದ್ದೆ ಕೆಡುತ್ತದೆ ಎಂದು ಹೇಳಿದ್ದೇನೆ. ನಿಜವಾದ ಕಾರಣವೆಂದರೆ ಆಸೆಯೇ ಇಲ್ಲವಾಗಿದೆ, ಆಕೆ ಕೈ ಹಿಡಿದರೂ ನನ್ನಿಂದ ಏನನ್ನೋ ನಿರೀಕ್ಷಿಸುತ್ತಿದ್ದಾಳೆ ಎಂಬ ಭಯವಾಗುತ್ತದೆ. 67ರ ವಯಸ್ಸಿನಲ್ಲಿ ಇದನ್ನು ಕೇಳುವುದೇ ತಪ್ಪೇನೋ.

ಹಾಸನದ ಗೃಹಿಣಿ

ಮೇಷ್ಟ್ರೇ, ತಪ್ಪೇನೂ ಅಲ್ಲ. ಹೆಂಡತಿಯ ಕಡೆಯಿಂದ ಹೇಳಬಲ್ಲವಳು ಇಲ್ಲಿ ಸದ್ಯಕ್ಕೆ ನಾನೊಬ್ಬಳೇ ಎಂದು ಕಾಣುತ್ತದೆ. ನನ್ನ ಯಜಮಾನರೂ ಹೀಗೆಯೇ ಜಾಗ ಬದಲಿಸಿದರು, ಹಾಲಿನ ದಿವಾನಕ್ಕೆ ಹೋದರು. ನಾನು ಏನು ತಿಳಿದುಕೊಂಡೆ ಗೊತ್ತೇ? ನನ್ನ ಮೇಲೆ ಬೇಸರ ಬಂದಿದೆ ಎಂದು. ಆಪರೇಶನ್ ಮುಂಚೆ ಖರ್ಚಿನ ವಿಷಯಕ್ಕೆ ನಾನು ಆಡಿದ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆಂದು ಮೂರು ತಿಂಗಳು ಕೊರಗಿದೆ. ನರಗಳಿಗೆ ಪೆಟ್ಟಾಗಿರುವುದರಿಂದ ಹೀಗಾಗುತ್ತದೆ, ನರ ಉಳಿಸಿ ಮಾಡಿದ ಆಪರೇಶನ್ ಆದರೂ ಚೇತರಿಕೆಗೆ ಒಂದೂವರೆ ಎರಡು ವರ್ಷ ಬೇಕಾಗಬಹುದು ಎಂದು ಯಾರಾದರೂ ನಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿ ಹೇಳಿದ್ದರೆ ಆ ಮೂರು ತಿಂಗಳು ಉಳಿಯುತ್ತಿತ್ತು.

ನೀವು ಬೇರೆ ಕೋಣೆಗೆ ಹೋದದ್ದಕ್ಕೆ ನಿಮ್ಮ ಮನೆಯವರು ಏನು ಅರ್ಥ ಕಟ್ಟಿಕೊಂಡಿದ್ದಾರೋ ನಿಮಗೆ ಗೊತ್ತಿಲ್ಲ. ಅರ್ಥ ಹೇಳುವವರು ನೀವು, ಇದರ ಅರ್ಥವನ್ನೂ ನೀವೇ ಹೇಳಬೇಕು.

ಆಸ್ಪತ್ರೆಯ ಸಮಾಜ ಕಾರ್ಯಕರ್ತೆ

ಅಮ್ಮನವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಮೇಷ್ಟ್ರಿಗೆ ಆಗಿರುವುದು ಮತ್ತು ಹಾಸನದ ಸರ್ ಅವರಿಗೆ ಆಗಿರುವುದು ಬೇರೆ ಬೇರೆ. ಹಾರ್ಮೋನ್ ಚಿಕಿತ್ಸೆಯಲ್ಲಿ ಆಸೆಯೇ ಕುಗ್ಗುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಆಸೆ ಇದ್ದು ದೇಹ ಸ್ಪಂದಿಸುವುದಿಲ್ಲ. ಎರಡನೆಯದಕ್ಕೆ ಮಾತ್ರೆಗಳಿವೆ, ಬೇರೆ ಉಪಾಯಗಳೂ ಇವೆ, ಆದರೆ ಅಂಗಡಿಯಿಂದ ತಾವೇ ತಂದು ನುಂಗಬಾರದು. ಎದೆನೋವಿಗೆ ನಾಲಿಗೆಯ ಕೆಳಗೆ ಇಡುವ ನೈಟ್ರೇಟ್ ಗುಂಪಿನ ಮಾತ್ರೆ ಬಳಸುವವರು ಇವನ್ನು ತೆಗೆದುಕೊಂಡರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ಮೇಷ್ಟ್ರ ವಿಷಯದಲ್ಲಿ, ಚುಚ್ಚುಮದ್ದು ನಿಂತ ಮೇಲೆ ಹಾರ್ಮೋನ್ ಮರಳಲು ಹಲವು ತಿಂಗಳು ಹಿಡಿಯುತ್ತದೆ, ವಯಸ್ಸಾದವರಲ್ಲಿ ಇನ್ನೂ ನಿಧಾನ, ಕೆಲವರಲ್ಲಿ ಪೂರ್ತಿ ಮರಳುವುದಿಲ್ಲ. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಕೈ ಹಿಡಿಯುವುದು ಕೈ ಹಿಡಿಯುವುದಷ್ಟೇ ಎಂದು ದಂಪತಿಗಳು ಬಾಯಿಬಿಟ್ಟು ಒಪ್ಪಂದ ಮಾಡಿಕೊಂಡರೆ ಆ ಭಯ ಬಹಳ ಮಟ್ಟಿಗೆ ಇಳಿಯುತ್ತದೆ. ನಮ್ಮ ಸಮಾಲೋಚನೆಯ ಕೋಣೆಯಲ್ಲಿ ಅತಿ ಹೆಚ್ಚು ಫಲ ಕೊಟ್ಟ ಮಾತು ಇದು.

ಮೂತ್ರ ಸೋರುವುದಕ್ಕೆ ಸೊಂಟದ ತಳದ ಸ್ನಾಯುಗಳ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟರಿಂದ ಸರಿಯಾಗಿ ಕಲಿಯಬೇಕು. ಗಾಳಿ ಹೋಗದಂತೆ ಬಿಗಿ ಹಿಡಿಯುವಾಗ ಯಾವ ಸ್ನಾಯು ಒಳಕ್ಕೆ ಎಳೆಯುತ್ತದೋ ಅದೇ. ಐದು ಸೆಕೆಂಡು ಬಿಗಿ ಹಿಡಿದು ಬಿಡುವುದು, ಒಂದು ಸಲಕ್ಕೆ ಹತ್ತು ಬಾರಿ, ದಿನಕ್ಕೆ ಮೂರು ಸಲ. ಹೊಟ್ಟೆ, ತೊಡೆ ಬಿಗಿಯಬಾರದು, ಉಸಿರು ಹಿಡಿಯಬಾರದು. ಹೆಚ್ಚಿನವರಲ್ಲಿ ಒಂದು ವರ್ಷದೊಳಗೆ ಸೋರುವುದು ಬಹಳ ಕಡಿಮೆಯಾಗುತ್ತದೆ, ಏಳನೆಯ ತಿಂಗಳಿಗೇ ಆಶೆ ಬಿಡಬೇಕಾಗಿಲ್ಲ. ವರ್ಷದ ನಂತರವೂ ನಿಲ್ಲದಿದ್ದರೆ ಅದಕ್ಕೂ ಶಸ್ತ್ರಚಿಕಿತ್ಸೆಯ ಪರಿಹಾರ ಇದೆ.

ಹಾವೇರಿಯ ಸರ್, ಬದುಕು ಸಾಕು ಎನಿಸಿತ್ತೆಂದು ನೀವು ಬರೆದ ಆ ಒಂದು ವಾಕ್ಯಕ್ಕಾಗಿ ನಿಮಗೆ ಕೈ ಮುಗಿಯುತ್ತೇನೆ. ಸ್ವೀಡನ್ನಿನಲ್ಲಿ ಇಡೀ ದೇಶದ ದಾಖಲೆಗಳನ್ನು ನೋಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ರೋಗ ಪತ್ತೆಯಾದ ಗಂಡಸರು ತಾವಾಗಿಯೇ ಜೀವ ಕಳೆದುಕೊಳ್ಳುವ ಅಪಾಯ ಹೆಚ್ಚಿರುವುದು ಪತ್ತೆಯಾದ ಮೊದಲ ವಾರದಲ್ಲೇ. ಚಿಕಿತ್ಸೆ ಇನ್ನೂ ಶುರುವೂ ಆಗಿರದ ವಾರ ಅದು. ಬಯಾಪ್ಸಿಯ ವರದಿ ತರಲು ಯಾರನ್ನೂ ಒಬ್ಬರನ್ನೇ ಕಳಿಸಬೇಡಿ ಎಂದು ನಾನು ಮನೆಯವರಿಗೆಲ್ಲ ಕೇಳಿಕೊಳ್ಳುವುದು ಇದಕ್ಕೇ. ಇದನ್ನು ಓದುತ್ತಿರುವ ಯಾರಿಗಾದರೂ ಅಂಥ ಯೋಚನೆ ಬರುತ್ತಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಆರಂಭವಾದದ್ದು, ನಮ್ಮ ನಿಮ್ಹಾನ್ಸ್ ಸಂಸ್ಥೆಯೇ ಅದರ ಕೇಂದ್ರ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಮೇಷ್ಟ್ರು ಅಂಗಳದಲ್ಲಿ ಕುಳಿತಿರುವ ನಡುರಾತ್ರಿಯಲ್ಲೂ ಅಲ್ಲಿ ಫೋನ್ ಎತ್ತುವವರಿರುತ್ತಾರೆ.

ಹಾವೇರಿಯವರು ಹೇಳಿದ ಮಂಗಳವಾರದ ವ್ಯವಸ್ಥೆ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದ್ದು. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಯಾವ ಮಂಗಳವಾರ ಮನೋವೈದ್ಯರು ಬರುತ್ತಾರೆಂದು ವಿಚಾರಿಸಿ. ಜಿಲ್ಲಾ ಆಸ್ಪತ್ರೆಯಲ್ಲಂತೂ ಇದ್ದೇ ಇರುತ್ತಾರೆ. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗ. ಇದಕ್ಕಾಗಿ ಬೆಂಗಳೂರಿಗೇ ಬರಬೇಕೆಂದಿಲ್ಲ.

ಮೆಲ್ಬರ್ನ್ ಕನ್ನಡಿಗ

ನನ್ನ ತಂದೆ ಮೈಸೂರಿನಲ್ಲಿದ್ದಾರೆ, 69 ವರ್ಷ. ಅವರ ಕಥೆ ಮೇಲಿನವರಿಗಿಂತ ಭಿನ್ನ, ಚಿಕಿತ್ಸೆಯೇ ಇಲ್ಲದ ಸಂಕಟ. ಗ್ಲೀಸನ್ 6, ಸಣ್ಣ ಗೆಡ್ಡೆ. ಸದ್ಯಕ್ಕೆ ಏನೂ ಬೇಡ, ಆರು ತಿಂಗಳಿಗೊಮ್ಮೆ ಪಿಎಸ್‌ಎ ನೋಡೋಣ ಎಂದು ವೈದ್ಯರು ಹೇಳಿದ್ದಾರೆ. ಸುದ್ದಿ ಕೇಳಿದ ನಮಗೆಲ್ಲ ಇದು ಸಂತೋಷದ ಮಾತಾಗಿತ್ತು. ಅಪ್ಪನಿಗೆ ಮಾತ್ರ, ಒಳಗೆ ಹಾವು ಇದೆ ಎಂದು ತೋರಿಸಿ ಬಾಗಿಲು ಹಾಕಿಕೊಂಡು ಮಲಗಿ ಎಂದಂತೆ ಆಗಿದೆ. ರಕ್ತ ಕೊಡುವ ದಿನ ಹತ್ತಿರ ಬಂದಂತೆ ಊಟ ಕಡಿಮೆಯಾಗುತ್ತದೆ, ಅಮ್ಮನ ಮೇಲೆ ರೇಗುತ್ತಾರೆ. ಕಳೆದ ಸಲ 4.9 ಇದ್ದದ್ದು 5.2 ಆಯಿತು ಎಂದು ನನಗೆ ಇಲ್ಲಿ ರಾತ್ರಿ ಒಂದೂವರೆಗೆ ಫೋನ್ ಮಾಡಿದ್ದರು.

ಅವರಿಗಾಗಿ ಓದಿ ತಿಳಿದ ಒಂದು ಸಂಗತಿಯನ್ನು ಹಂಚಿಕೊಳ್ಳುತ್ತೇನೆ. ಬ್ರಿಟನ್ನಿನಲ್ಲಿ ಗ್ರಂಥಿಯೊಳಗೇ ಇರುವ ಪ್ರಾಸ್ಟೇಟ್ ಕ್ಯಾನ್ಸರಿನ 1643 ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆ, ಒಂದಕ್ಕೆ ವಿಕಿರಣ, ಒಂದಕ್ಕೆ ಕೇವಲ ನಿಗಾ ಎಂದು ಹಂಚಿದ್ದರು. 15 ವರ್ಷಗಳ ಫಲಿತಾಂಶ 2023ರಲ್ಲಿ ಬಂತು. ಮೂರೂ ಗುಂಪುಗಳಲ್ಲಿ ಈ ರೋಗದಿಂದಲೇ ತೀರಿಕೊಂಡವರು ನೂರಕ್ಕೆ ಸುಮಾರು ಎರಡು ಮೂರು ಮಂದಿ. ನಿಗಾ ಗುಂಪಿನವರಲ್ಲಿ ಅನೇಕರು ಮುಂದೆ ಚಿಕಿತ್ಸೆ ಪಡೆದರು, ರೋಗ ಹರಡುವುದು ಅವರಲ್ಲಿ ಉಳಿದವರಿಗಿಂತ ಸುಮಾರು ಎರಡರಷ್ಟಿತ್ತು ಎಂಬುದನ್ನೂ ಹೇಳಬೇಕು. ಆದರೂ ಕಾಯುವುದೆಂದರೆ ಕೈಚೆಲ್ಲಿ ಕೂರುವುದಲ್ಲ ಎಂದು ಅಪ್ಪನಿಗೆ ಇದನ್ನು ಕನ್ನಡದಲ್ಲಿ ಬರೆದು ಕಳಿಸಿದೆ. ಆ ಹಾಳೆಯನ್ನು ಮಡಿಸಿ ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡಿದ್ದಾರೆ ಎಂದು ಅಮ್ಮ ಹೇಳಿದರು.

ನಾನಿರುವ ಈ ಊರಿನಲ್ಲೇ 2003ರಲ್ಲಿ ಕೆಲವು ಗೆಳೆಯರು ಮೀಸೆ ಬಿಡುವ ಪಂದ್ಯವೊಂದನ್ನು ಶುರು ಮಾಡಿದರು. ಅದೇ ಈಗ ಪ್ರತಿ ನವೆಂಬರಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ಗಂಡಸರ ಮಾನಸಿಕ ಆರೋಗ್ಯಕ್ಕೆ ಹಣ ಕೂಡಿಸುವ ಮೊವೆಂಬರ್ ಆಗಿ ಜಗತ್ತಿಗೆಲ್ಲ ಹಬ್ಬಿದೆ. ನನ್ನ ಕಚೇರಿಯಲ್ಲಿ ಹಿರಿಯರೊಬ್ಬರು ಊಟದ ಮೇಜಿನಲ್ಲಿ ತಮ್ಮ ಪ್ಯಾಡಿನ ಬಗ್ಗೆ, ಪಿಎಸ್‌ಎ ಬಗ್ಗೆ ಸಹಜವಾಗಿ ಮಾತನಾಡಿದಾಗ ನಾನು ತಲೆ ತಗ್ಗಿಸಿದ್ದೆ. ಈಗ ಹಾಸನದ ಅಮ್ಮನ ಮಾತು ಓದಿದ ಮೇಲೆ ಆ ಹಿರಿಯರ ಬಳಿ ಹೋಗಿ ಇನ್ನಷ್ಟು ಕೇಳಬೇಕೆನಿಸಿದೆ. ಅಂದ ಹಾಗೆ, ತಂದೆಗೆ ಈ ರೋಗ ಇದ್ದರೆ ಗಂಡುಮಕ್ಕಳಿಗೆ ಬರುವ ಸಾಧ್ಯತೆ ಸುಮಾರು ಎರಡರಷ್ಟು ಎನ್ನುತ್ತಾರೆ. ನನಗೆ 43. ನನ್ನ ಭಯವನ್ನು ಅಪ್ಪನಿಗೆ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ.

ಹಿರಿಯ ಹಿತೈಷಿ

ಎಲ್ಲವನ್ನೂ ಓದಿದೆ. ನನ್ನ ಅಣ್ಣನ ವಿಷಯದಲ್ಲಿ ಒಂದು ನೆನಪಾಯಿತು. ಕೊನೆಯ ಮೂರು ನಾಲ್ಕು ವರ್ಷ ಅವರು ಸಂಜೆ ನಡಿಗೆಗೆ ಯಾರನ್ನೂ ಜೊತೆಗೆ ಕರೆದುಕೊಳ್ಳುತ್ತಿರಲಿಲ್ಲ, ಬರುತ್ತೇನೆಂದರೂ ಬೇಡ ಎನ್ನುತ್ತಿದ್ದರು. ಅವರಿಗೆ ಏಕಾಂತ ಇಷ್ಟ ಎಂದುಕೊಂಡಿದ್ದೆ. ಮೊದಲು ನಾನು ಬರೆದ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಸಾಗರದ ಮೇಷ್ಟ್ರು

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಚೀಟಿಯ ಉಪಾಯ ಮಾಡಿದೆ. ವೈದ್ಯರು ಓದಿ, ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡು, ಇದನ್ನು ಮೊದಲೇ ಏಕೆ ಹೇಳಲಿಲ್ಲ ಎಂದರು. ಮನೋವೈದ್ಯರ ಬಳಿ ಕಳಿಸಿದರು. ಖಿನ್ನತೆಗೆ ಕೊಡುವ ಮಾತ್ರೆಯೊಂದು ಮೈ ಬಿಸಿಯೇರುವುದನ್ನೂ ತಗ್ಗಿಸುತ್ತದಂತೆ, ವೆನ್ಲಫಾಕ್ಸಿನ್ ಎಂದು ಅದರ ಹೆಸರು. ರಕ್ತದೊತ್ತಡ ನೋಡಿಕೊಂಡು ಸಣ್ಣ ಪ್ರಮಾಣದಲ್ಲಿ ಆರಂಭಿಸಿದ್ದಾರೆ, ತಾನಾಗಿ ಹೆಚ್ಚಿಸುವುದಾಗಲಿ ಥಟ್ಟನೆ ನಿಲ್ಲಿಸುವುದಾಗಲಿ ಕೂಡದೆಂದು ಎರಡು ಸಲ ಹೇಳಿದ್ದಾರೆ. ಮೊದಲ ವಾರ ಹೊಟ್ಟೆ ತೊಳಸಿತು. ಈಗ ಬಿಸಿಯೇರುವುದು ದಿನಕ್ಕೆ ಮೂರು ಸಲಕ್ಕೆ ಇಳಿದಿದೆ. ಅಳು ನಿಂತಿಲ್ಲ, ಆದರೆ ಬಂದಾಗ ಹೆದರಿಕೆಯಾಗುವುದಿಲ್ಲ.

ಮನೆಯವಳಿಗೆ ಹೇಳಿದೆ. ಅಡುಗೆಮನೆಯಲ್ಲಿ ಅವಳು ತಂಬುಳಿಗೆ ಒಂದೆಲಗ ಬಿಡಿಸುತ್ತಿದ್ದಳು, ನಾನೂ ಪಕ್ಕದಲ್ಲಿ ಕುಳಿತು ಬಿಡಿಸುತ್ತಾ, ಸೊಪ್ಪನ್ನೇ ನೋಡುತ್ತಾ ಹೇಳಿ ಮುಗಿಸಿದೆ. ‘ನನಗೆ ಐವತ್ತರಲ್ಲಿ ಹೀಗೇ ಆದಾಗ ನೀವು ಫ್ಯಾನ್ ಜೋರು ಮಾಡಿ ಮಲಗಿದಿರಿ, ಅಷ್ಟೇ’ ಎಂದಳು. ಹೌದು, ನಾನಾಗ ಒಂದು ಮಾತೂ ಕೇಳಿರಲಿಲ್ಲ. ಅಂದು ರಾತ್ರಿ ಹಾಸಿಗೆಯನ್ನು ಅವಳೇ ಹಳೆಯ ಕೋಣೆಗೆ ತಂದು ಹಾಕಿದಳು.

ಮುಂದಿನ ಶನಿವಾರ ಕೂಟವಿದೆ. ಭಾಗವತರಿಗೆ ವಿಷಯ ತಿಳಿಸಿದ್ದೇನೆ. ಬಾಗಿಲ ಬಳಿ ಕುಳಿತುಕೊಳ್ಳುವಂತೆ, ಮಧ್ಯೆ ಎದ್ದು ಹೋಗಿ ಬರುವಷ್ಟು ಪದವನ್ನು ಎಳೆಯುವಂತೆ ಏರ್ಪಾಡಾಗಿದೆ. ಕರ್ಣ ಬೇಡವೆಂದೆ, ಭೀಷ್ಮ ಒಪ್ಪಿಕೊಂಡಿದ್ದೇನೆ.

ಹಾಸನದ ಗೃಹಿಣಿ

ನಿನ್ನೆ ರಾತ್ರಿ ಫೋನನ್ನು ಚಾರ್ಜಿಗೆ ಹಾಕಿ ಮಲಗಿದ್ದೆ, ಈ ಪುಟ ತೆರೆದೇ ಇತ್ತು. ಬೆಳಿಗ್ಗೆ ನೋಡಿದರೆ ಯಜಮಾನರು ಕನ್ನಡಕ ಹಾಕಿಕೊಂಡು ಓದುತ್ತಿದ್ದರು. ಪ್ಯಾಡಿನ ವಿಷಯ ಬರೆದಿದ್ದಕ್ಕೆ ಬೈಯುತ್ತಾರೆಂದು ಕಾಫಿ ತರುವ ನೆಪ ಮಾಡಿ ಒಳಗೇ ನಿಂತೆ. ಬಹಳ ಹೊತ್ತಾದ ಮೇಲೆ, ‘ಆ ಐದು ಸೆಕೆಂಡಿನ ವ್ಯಾಯಾಮ ಕೂತು ಮಾಡಬೇಕಾ, ಮಲಗಿ ಮಾಡಬೇಕಾ’ ಎಂದು ಕೇಳಿದರು. ಮೇಡಂ, ದಯವಿಟ್ಟು ತಿಳಿಸಿ. ಇನ್ನೊಂದು, ಹಾವೇರಿಯವರ ಜೊತೆ ಒಂದು ಸಲ ಮಾತನಾಡಬಹುದಾ ಎಂದೂ ಕೇಳಿದ್ದಾರೆ. ಏಳು ತಿಂಗಳಲ್ಲಿ ಅವರಾಗಿ ಯಾರ ಜೊತೆಗಾದರೂ ಮಾತನಾಡಬೇಕೆಂದು ಹೇಳಿದ್ದು ಇದೇ ಮೊದಲು.

ಆಸ್ಪತ್ರೆಯ ಸಮಾಜ ಕಾರ್ಯಕರ್ತೆ

ಮೊದಲ ಎರಡು ವಾರ ಮಂಡಿ ಮಡಿಸಿ ಮಲಗಿ ಮಾಡಲಿ, ಹಿಡಿತ ಸಿಕ್ಕ ಮೇಲೆ ಕುಳಿತು, ಆಮೇಲೆ ನಿಂತು. ಕೆಮ್ಮುವ ಮೊದಲು, ಕುರ್ಚಿಯಿಂದ ಏಳುವ ಮೊದಲು ಒಮ್ಮೆ ಬಿಗಿ ಹಿಡಿಯುವುದನ್ನು ಅಭ್ಯಾಸ ಮಾಡಿಕೊಳ್ಳಲಿ.

ಹಾವೇರಿ ರೈತ

ತಾಯೀ, ನನ್ನ ನಂಬರನ್ನು ನಿಮಗೆ ಬೇರೆಯಾಗಿ ಕಳಿಸಿದ್ದೇನೆ. ಹಗಲು ಹೊಲದಲ್ಲಿ ಸಿಗ್ನಲ್ ಸಿಗುವುದಿಲ್ಲ, ರಾತ್ರಿ ಎಂಟರ ಮೇಲೆ ಕಟ್ಟೆಯ ಮೇಲೆ ಕುಳಿತಿರುತ್ತೇನೆ. ಎಷ್ಟು ಹೊತ್ತಾದರೂ ಪರವಾಗಿಲ್ಲ, ಅವರೇ ಮಾಡಲಿ.